ಸ್ಟೀಲ್ ಟ್ರೇ ಮೇಲಿನ ಬಡಿತ

ಆ ನರ್ಸಿಗೆ ಹೆರಿಗೆ ಕೋಣೆಯಲ್ಲಿ ಟಕಟಕ ಎಂದೇ ಹೆಸರು. ತಾಯಿ ತಂದೆ ಇಟ್ಟ ಹೆಸರೊಂದು ಇತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಅಡ್ಡಹೆಸರು ಬಂದದ್ದು ಅವಳ ಬಲಗೈ ತೋರುಬೆರಳಿನಿಂದ.

ಮಗು ಹುಟ್ಟಿ ಬಿಸಿದೀಪದ ಮೇಜಿಗೆ ಬಂದ ಕೂಡಲೇ ಅಲ್ಲಿ ನಿಂತವರು ಹೊಕ್ಕುಳಬಳ್ಳಿಯ ಮೋಟನ್ನು ಎಡಗೈಯಲ್ಲಿ ಹಿಡಿದು ನಾಡಿ ನೋಡಬೇಕು. ಸಿಕ್ಕ ನಾಡಿಯನ್ನು ಬಲಗೈ ಬೆರಳಿನಿಂದ ಪಕ್ಕದ ಸ್ಟೀಲ್ ಟ್ರೇ ಮೇಲೆ ಬಡಿದು ಕೇಳಿಸಬೇಕು. ಇದು ಆ ಕೋಣೆಯ ಪದ್ಧತಿ. ಡಾಕ್ಟರ ಎರಡೂ ಕೈ ತಾಯಿಯ ಹತ್ತಿರ ಸಿಕ್ಕಿಕೊಂಡಿರುತ್ತವೆ, ಕಣ್ಣೂ ಅಲ್ಲೇ ಇರುತ್ತದೆ. ಬಿಡುವಾಗಿರುವುದು ಕಿವಿ ಒಂದೇ. ಬಡಿತ ಹೊಲಿಗೆ ಮಿಷನ್ನಿನ ಹಾಗೆ ಓಡಿದರೆ ಕೋಣೆಯಲ್ಲಿದ್ದವರ ಹೆಗಲು ತಾನಾಗಿ ಇಳಿಯುತ್ತದೆ. ಕೆಟ್ಟ ನಲ್ಲಿಯ ಹನಿಯ ಹಾಗೆ, ಇನ್ನೇನು ಬೀಳುವುದೇ ಇಲ್ಲ ಎನ್ನುವಷ್ಟು ಕಾಯಿಸಿ ಬಿದ್ದರೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಟಕಟಕಳ ಬೆರಳು ಇವತ್ತಿನತನಕ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಅಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹೆರುವವಳು ಸ್ವಂತದವಳಾದರೆ ಮೇಜಿನ ಹತ್ತಿರ ನಿಲ್ಲುವಂತಿಲ್ಲ. ಬಾಗಿಲಾಚೆ ಹೋಗಿ, ಲೋಕದ ಎಲ್ಲರ ಹಾಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚಬೇಕು.

ಇವತ್ತು ಮಂಚದ ಮೇಲೆ ಮಲಗಿದ್ದವಳು ಅವಳ ಒಡಹುಟ್ಟಿದ ತಂಗಿ.

"ಏನೇ, ಕಟ್ಟಳೆ ಮರೆತೋಯ್ತಾ?" ಎಂದರು ಅಜ್ಜಿ ಸಿಸ್ಟರ್, ಕೈತೊಳೆಯುವ ತೊಟ್ಟಿಯ ಹತ್ತಿರ ಅವಳನ್ನು ಅಡ್ಡಗಟ್ಟಿ. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವರನ್ನು ಎಲ್ಲರೂ ಬೆನ್ನ ಹಿಂದೆ ಅಜ್ಜಿ ಎನ್ನುತ್ತಿದ್ದರು, ಎದುರಿಗೆ ಸಿಸ್ಟರ್. "ಆಚೆ ನಡಿ ನೀನು."

"ನಾನು ಹೋದ್ರೆ ಮೇಜಿನ ಹತ್ರ ಯಾರು ನಿಲ್ತಾರೆ? ಒಬ್ಬಳು ರಜೆ, ಇನ್ನೊಬ್ಬಳು ಆಪರೇಷನ್‌ಗೆ ಹೋಗಿದಾಳೆ."

"ಯಾಕೆ, ನಾನು ಸತ್ತಿದೀನಾ?"

"ಬೆರಳು ಮರಗಟ್ಟಿದೆ, ಬಿಸಿ ಯಾವುದು ತಣ್ಣಗೆ ಯಾವುದು ಗೊತ್ತಾಗಲ್ಲ ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು?"

"ಬೆರಳು ಮರಗಟ್ಟಿದೆ ಕಣೆ. ಬುದ್ಧಿ ಮರಗಟ್ಟಿಲ್ಲ." ಅಜ್ಜಿ ಸಿಸ್ಟರ್ ದನಿ ತಗ್ಗಿಸಿದರು. "ಮೇಡಂಗೆ ಹೇಳ್ಲಾ?"

"ಬೇಡ ಸಿಸ್ಟರ್. ದಮ್ಮಯ್ಯ ಅಂತೀನಿ. ಅವಳಿಗೆ ಮಾತು ಕೊಟ್ಟಿದೀನಿ."

ಹಿಂದೆ ಎರಡು ಸಲ ತಂಗಿಯ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ನಿಂತಾಗ ಅವಳು ಅಕ್ಕನ ಕೈ ಹಿಡಿದುಕೊಂಡು ಒಂದೇ ಒಂದು ಕೇಳಿದ್ದಳು: ನನ್ನ ಮಗೂನ ಮೊದಲು ನೀನೇ ಮುಟ್ಟಬೇಕು, ಬೇರೆಯವರ ಕೈಗೆ ಹೋಗಬಾರದು. ಟಕಟಕ ಹೂಂ ಎಂದಿದ್ದಳು. ಆವತ್ತು ಹೂಂ ಅನ್ನುವುದಕ್ಕೆ ಯಾವ ಖರ್ಚೂ ಇರಲಿಲ್ಲ.

ಡಾಕ್ಟರ್ ಮೇಡಂಗೆ ಇದೇನೂ ತಿಳಿದಿರಲಿಲ್ಲ. ತಂಗಿ ಬೆಳಗಿನಿಂದ ಅಕ್ಕಾ, ಅಕ್ಕಾ ಎಂದು ಕೂಗುತ್ತಿದ್ದದ್ದೇನೋ ನಿಜ. ಆದರೆ ಆ ಮಂಚದ ಮೇಲೆ ಮಲಗಿದವರೆಲ್ಲ ಯಾರೇ ನರ್ಸು ಬಂದರೂ ಅಕ್ಕಾ ಎಂದೇ ಕೂಗುವುದು.

ಎರಡು ನೋವುಗಳ ನಡುವಿನ ಬಿಡುವಿನಲ್ಲಿ ತಂಗಿ ಬೆವರಿದ ಮುಖ ತಿರುಗಿಸಿದಳು. "ಅಕ್ಕಾ, ಹತ್ತಕ್ಕೆ ಹತ್ತು ಕೊಡಬೇಕು ನೋಡು."

ಹುಟ್ಟಿದ ಮಗುವಿಗೆ ಒಂದನೆಯ ನಿಮಿಷಕ್ಕೊಮ್ಮೆ, ಐದನೆಯ ನಿಮಿಷಕ್ಕೊಮ್ಮೆ ಅಂಕ ಕೊಡುತ್ತಾರೆ ಎಂದು ಟಕಟಕಳೇ ಅವಳಿಗೆ ಹೇಳಿದ್ದಳು. ಹೃದಯ, ಉಸಿರು, ಕೈಕಾಲಿನ ಬಿಗಿ, ಕೆಣಕಿದರೆ ಮುಖ ಸಿಂಡರಿಸುವುದು, ಮೈಬಣ್ಣ. ಒಂದೊಂದಕ್ಕೆ ಹೆಚ್ಚೆಂದರೆ ಎರಡೆರಡು.

"ಹತ್ತು ಯಾರಿಗೂ ಬರಲ್ಲ ಕಣೆ. ಹುಟ್ಟಿದ ತಕ್ಷಣ ಎಲ್ಲರ ಅಂಗೈ ಅಂಗಾಲೂ ಒಂಚೂರು ನೀಲಿ ಇರುತ್ತೆ. ಅದಕ್ಕೊಂದು ಕಳೀತೀವಿ."

"ಸ್ವಂತ ದೊಡ್ಡಮ್ಮ ಆಗಿ ಒಂದು ಅಂಕಕ್ಕೆ ಜಿಪುಣತನ ಮಾಡ್ತೀಯಾ? ಚಿಕ್ಕವಳಿದ್ದಾಗ ಬಿಸ್ಕತ್ತು ಪಾಲು ಮಾಡೋವಾಗ್ಲೂ ನೀನು ಹಿಂಗೇ. ಮುರಿದಿರೋ ಚೂರೇ ನಂಗೆ."

"ಶ್‌, ಮೆಲ್ಲಗೆ."

ಬಾಗಿಲಾಚೆ ಬೆಂಚಿನ ಮೇಲೆ ಅವರಿಬ್ಬರ ಅಮ್ಮ ಕೂತಿದ್ದಳು. ಒಳಗೆ ಬರುವ ಮುಂಚೆ ಟಕಟಕ ಅವಳಿಗೂ ಧೈರ್ಯ ಹೇಳಿ ಬಂದಿದ್ದಳು: ಅಮ್ಮಾ, ಸುಮ್ನೆ ಕಿವಿಗೊಟ್ಟು ಕೂತ್ಕೋ, ಟ್ರೇ ಸದ್ದು ಬಾಗಿಲ ತನಕ ಬರುತ್ತೆ. ಜೋರಾಗಿ ಓಡಿದ್ರೆ ಎಲ್ಲಾ ಸರಿಯಿದೆ ಅಂತ.

ಮಧ್ಯಾಹ್ನದ ಬಿಸಿಲು ಎತ್ತರದ ಕಿಟಕಿಯಿಂದ ಬಂದು ನೆಲದ ಮೇಲೆ ಚೌಕ ಬಿಡಿಸಿತ್ತು. ತಂಗಿಯ ಹೊಟ್ಟೆಗೆ ಕಟ್ಟಿದ ಪಟ್ಟಿಯಿಂದ ಒಳಗಿನ ಮಗುವಿನ ಹೃದಯದ ಸದ್ದು ಯಂತ್ರದಲ್ಲಿ ಕುದುರೆ ಓಡಿದಂತೆ ಕೇಳುತ್ತಿತ್ತು. ಒಂದು ನೋವಿನ ನಡುವೆ ಕುದುರೆ ಎಡವಿತು. ಮತ್ತೆ ಓಡಿತು. ಮುಂದಿನ ನೋವಿಗೆ ಇನ್ನೂ ಹೆಚ್ಚು ಹೊತ್ತು ಎಡವಿತು. ಬೆಳಗಿನಿಂದ ತಂಗಿಯನ್ನು ನಗಿಸುತ್ತಿದ್ದ ಡಾಕ್ಟರ್ ಮೇಡಂ ಹಾಸ್ಯ ನಿಲ್ಲಿಸಿದರು. ಅವರು ಹಾಸ್ಯ ನಿಲ್ಲಿಸಿದರೆ ಅರ್ಥವೇನು ಎಂಬುದು ಟಕಟಕಳಿಗೆ ಗೊತ್ತಿತ್ತು. ಅವಳ ಎದೆ ಆಗಲೇ ಬಡಿದುಕೊಳ್ಳಲು ಶುರುಮಾಡಿತ್ತು.

"ತಳ್ಳಮ್ಮಾ, ಈಗ ಕೂಗಬೇಡ, ಕೂಗೋ ಶಕ್ತಿನೆಲ್ಲ ಕೆಳಗೆ ಹಾಕು. ಇನ್ನೊಂದು. ಇನ್ನೊಂದೇ ಒಂದು."

ತಲೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಬಿಗಿಯಾಗಿ ಸುತ್ತಿಕೊಂಡಿತ್ತು, ಎರಡು ಸುತ್ತು. ಮೇಡಂ ಅದಕ್ಕೆ ಅಲ್ಲೇ ಇಕ್ಕಳ ಹಾಕಿ ಕತ್ತರಿಸಿದರು. ಭುಜ ಬಂತು, ಉಳಿದದ್ದು ಒಮ್ಮೆಲೇ ಜಾರಿತು. ಅದರ ಹಿಂದೆಯೇ ರಕ್ತ, ಬಕೆಟ್ಟಿಗೆ ಸದ್ದಾಗಿ ಬೀಳುವಷ್ಟು.

"ಸಿಸ್ಟರ್, ಇಂಜೆಕ್ಷನ್. ಹೊಟ್ಟೆ ಒತ್ತಿ ಹಿಡೀರಿ. ಮಗು ತಗೋ ಟಕಟಕ."

ಅವಳು ಬಿಸಿ ಬಟ್ಟೆಯಲ್ಲಿ ಮಗುವನ್ನು ಹಿಡಿದಳು. ಹೆಣ್ಣು. ಬಟ್ಟೆಯೇ ಬಟ್ಟೆಯನ್ನು ಹೊತ್ತ ಹಾಗಿತ್ತು. ಕೈ ಅತ್ತ ಬಿತ್ತು, ಕಾಲು ಇತ್ತ ಬಿತ್ತು. ಅಳು ಇಲ್ಲ.

ಮೇಜಿನ ಮೇಲೆ ಮಲಗಿಸಿ ಒರೆಸಿದಳು. ಒದ್ದೆ ಬಟ್ಟೆ ಎಳೆದು ಒಣಬಟ್ಟೆ ಹಾಸಿದಳು. ಕುತ್ತಿಗೆ ನೇರ ಮಾಡಿ ಬಾಯಿ ಮೂಗು ಒರೆಸಿದಳು. ಬೆನ್ನು ತಿಕ್ಕಿದಳು, ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಈ ಕೆಲಸ ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಕೈ ತನ್ನಷ್ಟಕ್ಕೆ ಮಾಡುತ್ತಿತ್ತು, ಅವಳು ಎಲ್ಲೋ ಹಿಂದೆ ನಿಂತು ನೋಡುತ್ತಿದ್ದಳು. ಮಗುವಿನ ಮೂಗು ತಂಗಿಯದೇ. ಅದನ್ನು ನೋಡಬಾರದಿತ್ತು. ಮೂಗಿಗೆ ಅಂಕವಿಲ್ಲ.

ಮಗು ಒಮ್ಮೆ ಬಾಯಿ ತೆರೆದು ಬಿಕ್ಕಿತು. ನೀರಿನಿಂದ ತೆಗೆದ ಮೀನಿನ ಹಾಗೆ, ಒಂದೇ ಸಲ.

"ಅಕ್ಕಾ? ಯಾಕೆ ಅಳ್ತಿಲ್ಲ?" ಎಂದಳು ತಂಗಿ.

"ಅಳ್ತಾಳೆ, ಅಳ್ತಾಳೆ, ಇರು."

ಹೊಕ್ಕುಳ ಮೋಟು ಸಣ್ಣಗೆ ಜಾರುತ್ತಿತ್ತು. ಎಡಗೈ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಳು. ಏನೂ ಸಿಗಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದಳು. ಸಿಕ್ಕಿತು! ಓಡುತ್ತಿದೆ, ಎಷ್ಟು ಚೆನ್ನಾಗಿ ಓಡುತ್ತಿದೆ. ಬಲಗೈ ಬೆರಳು ಟ್ರೇ ಮೇಲೆ ಇಳಿಯಿತು. ಟಕಟಕಟಕಟಕ.

ಕೋಣೆ ಉಸಿರು ಬಿಟ್ಟಿತು.

"ಹಾಂ, ಬಡಿತ ಚೆನ್ನಾಗಿದೆಯಲ್ಲ," ಎಂದರು ಮೇಡಂ, ತಲೆ ಎತ್ತದೆ. ಅವರ ಕೈ ಮೊಣಕೈವರೆಗೆ ಕೆಂಪಾಗಿತ್ತು. "ಮಕ್ಕಳ ಡಾಕ್ಟರ್ನ ಕರೆಸ್ಲಾ?"

"ಬೇಡ ಮೇಡಂ. ಉಸಿರು ತಗೊಂಡ್ಲು."

ಬಿಕ್ಕು ಉಸಿರಲ್ಲ ಎಂದು ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದವಳೇ ಅವಳು. ಆದರೆ ಬೆರಳ ಕೆಳಗೆ ಹೃದಯ ಹೀಗೆ ಓಡುತ್ತಿರುವಾಗ ಬಿಕ್ಕೂ ಉಸಿರಿನಂತೆಯೇ ಕಂಡಿತು. ಮುಳುಗುವವನಿಗೆ ಹುಲ್ಲುಕಡ್ಡಿ ಹಗ್ಗವಾಗಿ ಕಾಣುವ ಹಾಗೆ.

ಅವಳು ಬಡಿಯುತ್ತಲೇ ಮಗುವಿನ ಮುಖ ನೋಡುತ್ತಿದ್ದಳು. ಬಣ್ಣ ಬರಬೇಕಿತ್ತು. ತುಟಿಯಿಂದ ಶುರುವಾಗಿ ಎದೆಗೆ ಇಳಿಯುವ ಆ ಗುಲಾಬಿಯನ್ನು ಅವಳು ದಿನವೂ ನೋಡುತ್ತಿದ್ದಳು. ಬರಲಿಲ್ಲ. ಇದ್ದ ನೀಲಿಯೂ ಮೆಲ್ಲಗೆ ಬೂದಿಯಾಗುತ್ತಿತ್ತು. ಬೂದಿ ಬಣ್ಣದ ಮಗು, ಕುದುರೆಯಂಥ ಬಡಿತ. ಎರಡೂ ಒಂದೇ ಮೈಯಲ್ಲಿ ಇರುವುದು ಹೇಗೆ? ಈ ಪ್ರಶ್ನೆ ಎದ್ದಿತು, ಅವಳು ಅದನ್ನು ಅದುಮಿದಳು. ಅದು ಮತ್ತೆ ಎದ್ದಿತು.

ಗೋಡೆಯ ಗಡಿಯಾರ ನೋಡಿ ಅಜ್ಜಿ ಸಿಸ್ಟರ್ ಕೂಗಿದರು. "ಒಂದು ನಿಮಿಷ. ಎಷ್ಟು?"

"ಮೂರು. ಹೃದಯಕ್ಕೆ ಎರಡು, ಉಸಿರಿಗೊಂದು."

ತಂಗಿಯ ಹೊಟ್ಟೆ ಒತ್ತಿಹಿಡಿದಿದ್ದ ಅಜ್ಜಿ ಸಿಸ್ಟರ್ ಕತ್ತು ಹೊರಳಿಸಿ ಮೇಜಿನ ಕಡೆ ನೋಡಿದರು. "ಹೃದಯಕ್ಕೆ ಎರಡು ಬಂದಿರೋ ಮಗು ಹಿಂಗ್ಯಾಕೇ ಬಿದ್ಕೊಂಡಿದೆ?"

ಮಗು ಮತ್ತೆ ಬಿಕ್ಕಲಿಲ್ಲ. ಉಸಿರು ಊದುವ ಬ್ಯಾಗು ಮೇಜಿನ ಎಡಬದಿಯ ಕೊಕ್ಕೆಯಲ್ಲಿ ತೂಗುತ್ತಿತ್ತು. ಅವಳು ಎಡಗೈಯನ್ನು ಹೊಕ್ಕುಳ ಮೋಟಿನಿಂದ ತೆಗೆದು ಅದಕ್ಕೆ ಚಾಚಿದಳು. ಮಾಸ್ಕು ಕೈಗೆ ಬಂತು. ತಣ್ಣಗೆ, ಮೆತ್ತಗೆ.

ಟಕಟಕಟಕಟಕ.

ಸದ್ದು ನಿಂತಿರಲಿಲ್ಲ. ಅವಳು ಟ್ರೇ ಕಡೆ ನೋಡಿದಳು. ಎಡಗೈ ಮಾಸ್ಕು ಹಿಡಿದಿದೆ, ಮಗುವಿನ ಮೈಮೇಲೆ ಅವಳ ಯಾವ ಕೈಯೂ ಇಲ್ಲ. ಬಲಗೈ ಬೆರಳು ಮಾತ್ರ ಸ್ಟೀಲಿನ ಮೇಲೆ ತನ್ನ ಪಾಡಿಗೆ ತಾನು ಓಡುತ್ತಿದೆ. ಒಂದು ಕ್ಷಣ ಅದು ಬೇರೆಯವರ ಬೆರಳಿನ ಹಾಗೆ, ಮೇಜಿನ ಮೇಲೆ ಹತ್ತಿ ಬಂದ ಹುಳುವಿನ ಹಾಗೆ ಕಂಡಿತು. ಆಮೇಲೆ ಆ ಬಡಿತ ಎಲ್ಲಿಂದ ಬರುತ್ತಿದೆ ಎಂದು ತಿಳಿಯಿತು. ಕಿವಿಯಲ್ಲಿ, ಗಂಟಲಲ್ಲಿ, ಒಸಡಿನಲ್ಲಿ, ಅಷ್ಟು ಬಿಗಿಯಾಗಿ ಒತ್ತಿದ್ದ ಹೆಬ್ಬೆರಳಿನ ತುದಿಯಲ್ಲಿ. ಹೆಬ್ಬೆರಳಿಗೆ ತನ್ನದೇ ನಾಡಿಯಿದೆ. ಅದನ್ನು ನಂಬಿ ಯಾರ ನಾಡಿಯನ್ನೂ ನೋಡಬಾರದು. ನರ್ಸು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು.

ಹತ್ತಿರಹತ್ತಿರ ಒಂದು ನಿಮಿಷ ಅವಳು ತನ್ನ ಭಯವನ್ನೇ ಬಡಿದು ಎಲ್ಲರಿಗೂ ಧೈರ್ಯ ಹೇಳಿದ್ದಳು.

ಬಡಿತ ಈಗ ಇಳಿಯಿತು ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಾಗೆಂದರೆ ಮಗು ಇಷ್ಟು ಹೊತ್ತು ಚೆನ್ನಾಗಿತ್ತು ಎಂದಾಗುತ್ತಿತ್ತು, ಮುಂದೆ ನೋಡುವವರೆಲ್ಲ ಆ ಸುಳ್ಳಿನ ಮೇಲೆಯೇ ಲೆಕ್ಕ ಹಾಕುತ್ತಿದ್ದರು.

"ಮೇಡಂ," ಎಂದಳು. "ತಪ್ಪು ಬಡಿದೆ. ಅದು ನನ್ನ ನಾಡಿ. ಮಗೂದಲ್ಲ."

ರಕ್ತ ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳಿಸಿತು. ಮೇಡಂ ಮೊಣಕೈಯಿಂದ ಗೋಡೆಯ ಕೆಂಪು ಗುಂಡಿ ಒತ್ತಿದರು. ಕಾರಿಡಾರಿನಲ್ಲಿ ಗಂಟೆ ಚೀರಿಕೊಂಡಿತು.

"ಬ್ಯಾಗ್ ಹಾಕು. ಸಿಸ್ಟರ್, ಇಲ್ಲಿ ನಾನು ನೋಡ್ಕೋತೀನಿ, ನೀವು ಮಗು ಹತ್ರ ಹೋಗಿ."

ಅಜ್ಜಿ ಸಿಸ್ಟರ್ ಸ್ಟೆತಾಸ್ಕೋಪನ್ನು ಮಗುವಿನ ಎದೆಗಿಟ್ಟರು. ಅವರಿಗೆ ಬೆರಳಿನ ಹಂಗಿರಲಿಲ್ಲ, ಕಿವಿ ಇತ್ತು. ಆ ಮರಗಟ್ಟಿದ ಬೆರಳನ್ನು ಎತ್ತಿ ಟ್ರೇ ಮೇಲೆ ಹಿಡಿದರು. ಬೆರಳು ಗಾಳಿಯಲ್ಲೇ ನಿಂತಿತ್ತು. ನಿಂತೇ ಇತ್ತು.

ಟಕ್.

ಟಕಟಕ ಮಾಸ್ಕನ್ನು ಆ ಸಣ್ಣ ಮುಖಕ್ಕೆ ಒತ್ತಿ, ಬ್ಯಾಗು ಹಿಂಡಿ ಊದಿದಳು.

ಟಕ್.

"ಎದೆ ಏಳ್ತಿಲ್ಲ," ಎಂದರು ಅಜ್ಜಿ ಸಿಸ್ಟರ್.

ಮಾಸ್ಕಿನ ಅಂಚಿನಿಂದ ಗಾಳಿ ಪುಸ್ ಪುಸ್ ಎಂದು ಆಚೆಗೇ ಹೋಗುತ್ತಿತ್ತು. "ನೀವು ತಗೊಳ್ಳಿ ಸಿಸ್ಟರ್. ನನ್ನ ಕೈಲಾಗಲ್ಲ."

"ನನ್ನ ಕೈಗೆ ಮಾಸ್ಕು ಕೂತಿದೆಯೋ ಇಲ್ವೋ ಅಂತಾನೂ ತಿಳಿಯಲ್ಲ. ನಿನ್ನ ಕೈಲೇ ಆಗ್ಬೇಕು. ಗದ್ದ ಎತ್ತು. ಮಾಸ್ಕನ್ನ ಮುಖಕ್ಕೆ ಒತ್ತಬೇಡವೇ, ಮುಖಾನ ಮಾಸ್ಕಿಗೆ ತಾ. ಹಾಂ. ಅಷ್ಟೇ. ಊದು. ಬಿಡು, ಬಿಡು. ಊದು."

ಎದೆ ಎದ್ದಿತು. ಮೊಟ್ಟೆಯೊಡೆದು ಬಂದ ಮರಿಹಕ್ಕಿಯ ಎದೆಯಷ್ಟು.

"ಊದು. ಬಿಡು, ಬಿಡು."

ಟಕ್. ಟಕ್.

"ಅಕ್ಕಾ, ಏನಾಗ್ತಿದೆ? ಯಾರಾದ್ರೂ ಹೇಳ್ರೀ." ತಂಗಿ ಮಂಚದ ಮೇಲೆ ಎದ್ದು ಕೂರಲು ನೋಡಿದಳು. ಮೇಡಂ ಅವಳನ್ನು ಮಾತಿನಿಂದಲೇ ಮಲಗಿಸಿದರು. ಹೇಳುವುದೆಲ್ಲವನ್ನೂ ಟ್ರೇ ಹೇಳುತ್ತಿತ್ತು. ತಿರುಗಿ ತಂಗಿಯ ಮುಖ ನೋಡುವ ಧೈರ್ಯ ಟಕಟಕಳಿಗೆ ಬರಲಿಲ್ಲ.

ಟಕ್. ಟಕ್. ಟಕ್‌ಟಕ್.

ಅದು ನಿಜವೋ, ಅಜ್ಜಿ ಸಿಸ್ಟರ್ ಕರುಣೆಯಿಂದ ಬಡಿಯುತ್ತಿದ್ದಾರೋ? ಬೆರಳು ಸುಳ್ಳಾಡಬಲ್ಲದು ಎಂದು ಒಮ್ಮೆ ತಿಳಿದ ಮೇಲೆ ಯಾವ ಬೆರಳನ್ನು ನಂಬುವುದು? ಅವಳು ಮಗುವಿನ ತುಟಿಯನ್ನೇ ನೋಡುತ್ತ ಊದಿದಳು. ಬಾಗಿಲು ದಡಾರನೆ ತೆರೆದುಕೊಂಡಿತು. ಮಕ್ಕಳ ಡಾಕ್ಟರು ಮೆಟ್ಟಿಲು ಹಾರಿ ಬಂದ ಏದುಸಿರಿನಲ್ಲೇ ಅವಳ ಪಕ್ಕ ನಿಂತರು. ತುಟಿಯ ಬೂದಿ ಬಣ್ಣದ ನಡುವೆ ಒಂದು ಗೀರು ಗುಲಾಬಿ ಕಂಡದ್ದು ಆಗಲೇ. ಅದು ಅಗಲವಾಯಿತು. ಮಗು ಮುಖ ಸಿಂಡರಿಸಿತು, ಬೆಕ್ಕಿನ ಮರಿ ಬಾವಿಯೊಳಗಿಂದ ಕೂಗಿದ ಹಾಗೆ ಒಂದು ಅಳು ತೆಗೆಯಿತು. ಗಟ್ಟಿಯಲ್ಲ. ಆದರೆ ಅಳು.

"ಐದು ನಿಮಿಷ," ಎಂದರು ಅಜ್ಜಿ ಸಿಸ್ಟರ್.

"ಆರು ಕೊಡಬಹುದು," ಎಂದರು ಮಕ್ಕಳ ಡಾಕ್ಟರು, ಮಗುವಿನ ಕಾಲು ಮಡಚಿ ಬಿಟ್ಟು ನೋಡುತ್ತ. "ಮೊದಲನೇ ನಿಮಿಷಕ್ಕೆ ಎಷ್ಟು?"

ಅದು ಅವಳೇ ಹೇಳಬೇಕಾದ ಮಾತು.

"ಮೂರು ಅಂದೆ. ಒಂದೇ ಸರ್. ಹೃದಯಕ್ಕೆ ಒಂದು ಹೆಚ್ಚು ಕೊಟ್ಟೆ. ಉಸಿರು ಅಂದ್ಕೊಂಡಿದ್ದು ಬಿಕ್ಕು, ಆ ಒಂದೂ ಇಲ್ಲ. ಬ್ಯಾಗ್ ಹಾಕೋದು ತಡ ಆಯ್ತು, ಒಂದು ನಿಮಿಷ ದಾಟಿತ್ತು. ನನ್ನಿಂದ."

ಮಕ್ಕಳ ಡಾಕ್ಟರು ಅವಳನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೇಳಿದ್ದು ಒಳ್ಳೇದಾಯ್ತು," ಎಂದಷ್ಟೇ ಹೇಳಿ ಮಗುವನ್ನು ಸುತ್ತಿ ಎತ್ತಿಕೊಂಡರು. "ಮಕ್ಕಳ ಕೋಣೇಲಿಟ್ಟು ನೋಡೋಣ. ಫಿಟ್ಸ್ ಬರಬಾರದು. ಹಾಲು ಎಳೀಬೇಕು. ನಾಳೆ ನಾಡಿದ್ದು ದಾಟ್ಲಿ, ಅಲ್ಲೀತನಕ ನಾನೇನೂ ಹೇಳಲ್ಲ."

ರಕ್ತ ನಿಂತಿತ್ತು. ತಂಗಿಯ ಮುಖ ಹತ್ತಿಯ ಹಾಗಿತ್ತು. "ಅಕ್ಕಾ, ಎಷ್ಟು ಕೊಟ್ಟೆ?"

"ಆರು."

"ಬರೀ ಆರಾ?" ಅವಳು ನಗಲು ನೋಡಿದಳು, ಆಗಲಿಲ್ಲ. "ಜಿಪುಣಿ. ಅಮ್ಮಂಗೆ ಹೇಳ್ತೀನಿ ಇರು."

ಮೇಡಂ ಗ್ಲೌಸು ಕಳಚುತ್ತಿದ್ದವರು ಹಾಗೇ ನಿಂತರು. ತಂಗಿಯ ಮೂಗು, ಟಕಟಕಳ ಮೂಗು ಎರಡನ್ನೂ ನೋಡಿದರು. "ನಿನ್ನ ತಂಗಿನಾ?"

ಅವಳು ತಲೆಯಾಡಿಸಿದಳು.

"ಅಜ್ಜಿಗೆ ಗೊತ್ತಿತ್ತಾ?" ಅವಸರದಲ್ಲಿ ಮೇಡಂ ಬಾಯಿಂದಲೂ ಅಡ್ಡಹೆಸರೇ ಬಂತು. ಅಜ್ಜಿ ಸಿಸ್ಟರ್ ಟ್ರೇ ಒರೆಸುವ ನೆವದಲ್ಲಿ ಬೆನ್ನು ತಿರುಗಿಸಿದರು. "ಸರಿ. ಅದನ್ನ ಆಮೇಲೆ ಮಾತಾಡೋಣ. ಈಗ ನೀನು ಇಲ್ಲಿ ನರ್ಸ್ ಅಲ್ಲ. ಹೋಗು, ಆಚೆ ಬೆಂಚಿನ ಮೇಲೆ ಕೂತ್ಕೋ."

ಬೆಂಚು ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಎಷ್ಟೋ ಜನರನ್ನು ಅಲ್ಲಿ ಕೂತ್ಕೊಳ್ಳಿ, ಏನೂ ಆಗಲ್ಲ ಎಂದು ಕೂರಿಸಿದ್ದವಳು ಒಮ್ಮೆಯೂ ಕೂತು ನೋಡಿರಲಿಲ್ಲ. ಎದುರಿಗೆ ಮಕ್ಕಳ ಕೋಣೆಯ ಗಾಜಿನ ಗೋಡೆ. ಒಳಗೆ ಮಕ್ಕಳ ಡಾಕ್ಟರ ಬೆನ್ನು ಮಾತ್ರ ಕಾಣುತ್ತಿತ್ತು.

ಅಮ್ಮ ಅವಳ ಕಡೆ ಸರಿದಳು. "ಟ್ರೇ ಸದ್ದು ಕೇಳಿಸ್ತು. ಮೊದಲು ಎಷ್ಟು ಜೋರಾಗಿ ಓಡ್ತು! ಹೋದ ಜೀವ ಬಂದಂಗಾಯ್ತು ನಂಗೆ. ಆಮೇಲೆ ಯಾಕೇ ನಿಂತೋಯ್ತು? ಗಂಟೆ ಯಾಕೆ ಹೊಡ್ಕೊಂಡ್ರು?"

"ಮೊದಲು ಓಡಿದ್ದು ಮಗೂದಲ್ಲ ಅಮ್ಮ. ನಂದು."

ಅಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಟಕಟಕ ಎಲ್ಲವನ್ನೂ ಹೇಳಿದಳು, ಹೆಬ್ಬೆರಳು, ಬಿಕ್ಕು, ಆ ಒಂದು ನಿಮಿಷ. ಹೇಳಿ ಮುಗಿಸಿ, ಈಗ ಬೈಗುಳ ಬರುತ್ತದೆ, ಅಥವಾ ಅಳು ಬರುತ್ತದೆ ಎಂದು ಕಾದಳು.

"ಅಷ್ಟು ಹೆದರ್ಕೊಂಡಿದ್ಯಾ?" ಎಂದಳು ಅಮ್ಮ. ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಮಣಿಕಟ್ಟಿನ ಮೇಲೆ ಬೆರಳಿಟ್ಟಳು. "ಈಗ್ಲೂ ಹಂಗೇ ಹೊಡ್ಕೋತಿದೆಯಲ್ಲೇ."

ಗಾಜಿನ ಆಚೆ ಅಜ್ಜಿ ಸಿಸ್ಟರ್ ಬಂದು ನಿಂತರು. ಕಿವಿಗೆ ಸ್ಟೆತಾಸ್ಕೋಪು ಸಿಕ್ಕಿಸಿಕೊಂಡಿದ್ದರು, ಅದರ ಇನ್ನೊಂದು ತುದಿ ಗೋಡೆಗೆ ಒತ್ತಿಕೊಂಡಿದ್ದ ಗಾಜಿನ ತೊಟ್ಟಿಲೊಳಗೆ ಇಳಿದಿತ್ತು. ಅವರು ಈ ಕಡೆ ನೋಡಲಿಲ್ಲ. ಸುಮ್ಮನೆ ಬೆರಳೆತ್ತಿ ಗಾಜಿನ ಮೇಲೆ ಇಟ್ಟರು.

ಟಕಟಕಟಕಟಕ.

ಅಮ್ಮ ಬೆಚ್ಚಿ ಮಗಳ ಕೈ ನೋಡಿದಳು, ಆಮೇಲೆ ಗಾಜು ನೋಡಿದಳು. "ಇದು ಯಾರದು?"

ಟಕಟಕ ಬಾಯಿ ತೆರೆದಳು. ಮಗೂದು ಎನ್ನಬೇಕು. ತನ್ನ ಎರಡೂ ಕೈ ಅಮ್ಮನ ಮಡಿಲಲ್ಲಿವೆ, ಅಲುಗಾಡುತ್ತಿಲ್ಲ, ಅಷ್ಟು ಮಾತ್ರ ಅವಳಿಗೆ ಖಚಿತವಾಗಿ ಗೊತ್ತಿತ್ತು. ಗಾಜಿನ ಮೇಲಿನ ಬೆರಳು ತಡೆಯಿತು. ಅಜ್ಜಿ ಸಿಸ್ಟರ್ ತೊಟ್ಟಿಲಿಗೆ ಬಗ್ಗಿದರು. ಮಕ್ಕಳ ಡಾಕ್ಟರ ಬೆನ್ನೂ ಬಗ್ಗಿತು. ಕಾರಿಡಾರಿನಲ್ಲಿ ಯಾರದೋ ಚಪ್ಪಲಿ ಸದ್ದು ಹತ್ತಿರ ಬಂದು ದೂರ ಹೋಯಿತು.

"ನಿಂತೋಯ್ತಲ್ಲೇ," ಎಂದಳು ಅಮ್ಮ.

"ಸ್ಟೆತ್ ಸರಿ ಇಟ್ಕೋತಿರಬೇಕು."

"ಇರಬೇಕು ಅಂತೀಯೋ, ಇದೆ ಅಂತೀಯೋ?"

ಇಬ್ಬರೂ ಉಸಿರು ಬಿಗಿಹಿಡಿದು ಗಾಜನ್ನೇ ನೋಡುತ್ತ ಕೂತರು. ಅಜ್ಜಿ ಸಿಸ್ಟರ್ ನೆಟ್ಟಗಾದರು, ಬೆರಳು ಮತ್ತೆ ಮೇಲೆದ್ದಿತು, ಗಾಜಿನ ಹತ್ತಿರ ಬಂತು.

ಟಕ್ ಎಂದಿತು. ಟಕಟಕ ಕಣ್ಣು ಮುಚ್ಚಿ ಎರಡನೆಯದಕ್ಕೆ ಕಾದಳು.